ವಾಲ್ಡೆಮಾರ್ ಹಾಫ್‌ಕಿನ್: ಎಣಿಸಿ, ಹೋಲಿಸಿ ನೋಡಿದ ವಿಜ್ಞಾನಿ

ಪ್ರೌಢಶಾಲೆಯ ವಿಜ್ಞಾನದಲ್ಲಿ ಸೂಕ್ಷ್ಮಜೀವಿಗಳ ಘಟಕ ಬಂದಾಗ ಜೆನ್ನರ್ ಮತ್ತು ಪಾಶ್ಚರ್ ಅವರ ಹೆಸರು ತಪ್ಪದೆ ಬರುತ್ತದೆ. ಭಾರತದ ನೆಲದಲ್ಲೇ ಕಾಲರಾ ಮತ್ತು ಪ್ಲೇಗ್ ವಿರುದ್ಧ ಲಸಿಕೆ ಹಾಕಿದ ಹಾಫ್‌ಕಿನ್ ಅವರ ಹೆಸರು ಬರುವುದು ಅಪರೂಪ. ಪ್ರಾಣಿಜನ್ಯ ರೋಗಗಳ ನಿಯಂತ್ರಣವನ್ನು ಬೋಧಿಸಲು ಅವರ ಜೀವನಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅದರಲ್ಲಿ ಗೆಲುವೂ ಇದೆ, ಅನ್ಯಾಯವೂ ಇದೆ. ಎರಡನ್ನೂ ತೀರ್ಮಾನಿಸಿದ್ದು ಸರಿಯಾಗಿ ಇಟ್ಟ ಲೆಕ್ಕ.

ಬಾಲ್ಯ ಮತ್ತು ಶಿಕ್ಷಣ

ಹಾಫ್‌ಕಿನ್ 1860ರ ಮಾರ್ಚ್ 15ರಂದು ಅಂದಿನ ರಷ್ಯಾ ಸಾಮ್ರಾಜ್ಯದ ಒಡೆಸ್ಸಾ ನಗರದಲ್ಲಿ, ಒಂದು ಯಹೂದಿ ಕುಟುಂಬದಲ್ಲಿ ಜನಿಸಿದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಸಿದ್ಧ ಜೀವವಿಜ್ಞಾನಿ ಮೆಚ್ನಿಕಾಫ್ ಅವರ ಶಿಷ್ಯರಾದರು. ಯಹೂದಿಗಳ ಮೇಲೆ ದಾಳಿಗಳಾದಾಗ ತಮ್ಮವರ ರಕ್ಷಣೆಗೆ ನಿಂತು ಸೆರೆಮನೆಯನ್ನೂ ಕಂಡರು. ಮತಾಂತರವಾಗದೆ ಉನ್ನತ ಅಧ್ಯಾಪಕ ಹುದ್ದೆ ದೊರೆಯುವಂತಿರಲಿಲ್ಲ. ಅವರು ಮತಾಂತರಕ್ಕೆ ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದರು. ಅಲ್ಲಿ ಖಾಲಿ ಇದ್ದದ್ದು ಸಹಾಯಕ ಗ್ರಂಥಪಾಲಕನ ಕೆಲಸ ಮಾತ್ರ. ಅದನ್ನೇ ಒಪ್ಪಿಕೊಂಡು, ಬಿಡುವಿನ ವೇಳೆಯಲ್ಲಿ ಪ್ರಯೋಗ ನಡೆಸಿದರು. 1892ರ ಜುಲೈ 18ರಂದು ತಾವು ತಯಾರಿಸಿದ ಕಾಲರಾ ಲಸಿಕೆಯನ್ನು ಮೊದಲು ತಮಗೇ ಚುಚ್ಚಿಕೊಂಡರು.

1893ರಲ್ಲಿ ಅವರು ಭಾರತಕ್ಕೆ ಬಂದರು. ಕಲ್ಕತ್ತೆಯ ಬಡ ಬಸ್ತಿಗಳಲ್ಲಿ ಲಸಿಕೆ ಹಾಕುವಾಗ ಅವರು ಅನುಸರಿಸಿದ ಕ್ರಮ ಗಮನಾರ್ಹ. ಒಂದೇ ಮನೆಯಲ್ಲಿ ಒಂದೇ ನೀರು ಕುಡಿದು ಬದುಕುವವರಲ್ಲಿ ಲಸಿಕೆ ಪಡೆದವರೆಷ್ಟು, ಪಡೆಯದವರೆಷ್ಟು, ಯಾರಿಗೆ ಕಾಯಿಲೆ ಬಂತು ಎಂದು ಬರೆದಿಟ್ಟು ಹೋಲಿಸಿದರು. ಲಸಿಕೆಯ ಗುಣವನ್ನು ಹೇಳಬೇಕಾದದ್ದು ಈ ಹೋಲಿಕೆಯೇ ಎಂಬುದು ಅವರ ನಿಲುವು.

ಮುಂಬಯಿಯ ಪ್ಲೇಗ್

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗ್ ಕಾಣಿಸಿತು. ಅಕ್ಟೋಬರಿನಲ್ಲಿ ಹಾಫ್‌ಕಿನ್ ಅಲ್ಲಿಗೆ ಬಂದರು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಒಂದು ಸಣ್ಣ ಜಾಗ, ಒಬ್ಬ ಗುಮಾಸ್ತ, ಮೂವರು ಜವಾನರು ಅವರಿಗೆ ದೊರೆತರು. ಪ್ಲೇಗ್ ರೋಗಾಣುಗಳನ್ನು ಸಾರಿನಂಥ ದ್ರವದಲ್ಲಿ ಬೆಳೆಸಿ, ಶಾಖದಿಂದ ಕೊಂದು ಲಸಿಕೆ ಸಿದ್ಧಪಡಿಸಿದರು. 1897ರ ಜನವರಿ 10ರಂದು ಅದನ್ನೂ ಮೊದಲು ತಮ್ಮ ಮೈಮೇಲೆಯೇ ಪರೀಕ್ಷಿಸಿಕೊಂಡರು.

ಅದೇ ತಿಂಗಳ ಕೊನೆಗೆ ಬೈಕುಲಾ ಸೆರೆಮನೆಯಲ್ಲಿ ಪ್ಲೇಗ್ ಹಬ್ಬಿತು. ಸುಮಾರು ಅರ್ಧದಷ್ಟು ಕೈದಿಗಳು ತಾವಾಗಿ ಮುಂದೆ ಬಂದು ಲಸಿಕೆ ಪಡೆದರು. ಎಲ್ಲರಿಗೂ ಊಟ, ಕೆಲಸ, ಮಲಗುವ ಕಟ್ಟಡ ಒಂದೇ. ಲಸಿಕೆ ಪಡೆಯದವರಲ್ಲಿ ರೋಗವೂ ಸಾವೂ ಸ್ಪಷ್ಟವಾಗಿ ಹೆಚ್ಚಾಗಿದ್ದವು. ಆ ದಿನಗಳಲ್ಲಿ ಸರ್ಕಾರ ಮನೆಗಳಿಗೆ ನುಗ್ಗಿ ಶೋಧಿಸುವುದು, ರೋಗಿಗಳನ್ನು ಬಲವಂತವಾಗಿ ಸಾಗಿಸುವುದು ಜನರನ್ನು ಕೆರಳಿಸಿತ್ತು. ಹಾಫ್‌ಕಿನ್ ಒತ್ತಾಯದ ಲಸಿಕೆಯನ್ನು ಬಯಸಲಿಲ್ಲ. ಆಗಾ ಖಾನ್ ಅವರು ತಮ್ಮ ಸಮುದಾಯದವರ ಎದುರಿನಲ್ಲೇ ಲಸಿಕೆ ಹಾಕಿಸಿಕೊಂಡು ಜನರ ಅಂಜಿಕೆ ಕಳೆದರು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೂ ಈ ಲಸಿಕೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. 1899ರ ಆಗಸ್ಟ್‌ನಲ್ಲಿ ಪರೇಲ್‌ನ ಹಳೆಯ ಸರ್ಕಾರಿ ಭವನದಲ್ಲಿ ಪ್ಲೇಗ್ ಸಂಶೋಧನಾಲಯ ಆರಂಭವಾಯಿತು.

ಮಲ್ಕೋವಾಲದ ದುರಂತ

1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ತೀರಿಕೊಂಡರು. ಆ 19 ಮಂದಿಗೂ ಲಸಿಕೆ ಬಂದದ್ದು ಒಂದೇ ಸೀಸೆಯಿಂದ. ವಿಚಾರಣಾ ಆಯೋಗವು ಸೀಸೆ ಪ್ರಯೋಗಾಲಯದಲ್ಲೇ ಕಲುಷಿತವಾಗಿತ್ತೆಂದು ತೀರ್ಮಾನಿಸಿತು. ಉತ್ಪಾದನೆ ಹೆಚ್ಚಿಸಲು ಹಾಫ್‌ಕಿನ್ ತಯಾರಿಕಾ ವಿಧಾನದಲ್ಲಿ ಮಾಡಿದ್ದ ಬದಲಾವಣೆಯತ್ತ ಬೆರಳು ತೋರಿಸಲಾಯಿತು. ಅವರು ಹುದ್ದೆಯಿಂದ ದೂರವಾಗಿ ಲಂಡನ್ನಿಗೆ ಹೋದರು.

ದಾಖಲೆಗಳು ಹೇಳುತ್ತಿದ್ದದ್ದು ಬೇರೆ. ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮ್ಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಲಾಗಿತ್ತು. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿರುತ್ತದೆ. ಅದು ಸೀಸೆಯಲ್ಲಿ ಮೊದಲೇ ಬೆಳೆದಿದ್ದರೆ ತೆರೆದಾಗ ದುರ್ವಾಸನೆ ಬರಬೇಕಿತ್ತು. ಅಂಥ ವಾಸನೆ ಕಂಡುಬಂದಿರಲಿಲ್ಲ. ಮಲೇರಿಯಾ ಸಂಶೋಧನೆಗೆ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು 1907ರಲ್ಲಿ ಈ ಅಂಶಗಳನ್ನು ಪತ್ರಿಕೆಯಲ್ಲಿ ಎತ್ತಿ ತೋರಿಸಿದರು. ಆ ವರ್ಷದ ಕೊನೆಗೆ ಆರೋಪದಿಂದ ಮುಕ್ತರಾದ ಹಾಫ್‌ಕಿನ್ ಮತ್ತೆ ಭಾರತಕ್ಕೆ ಬಂದರು. ಕಲ್ಕತ್ತೆಯಲ್ಲಿ ಅವರಿಗೆ ದೊರೆತ ಪ್ರಯೋಗಾಲಯದಲ್ಲಿ ಲಸಿಕೆ ತಯಾರಿಸುವ ಸೌಲಭ್ಯವೇ ಇರಲಿಲ್ಲ. ನಿವೃತ್ತರಾಗಿ ಯುರೋಪಿಗೆ ಮರಳಿದ ಅವರು 1930ರ ಅಕ್ಟೋಬರ್ 26ರಂದು ಸ್ವಿಟ್ಜರ್‌ಲೆಂಡಿನ ಲೌಸಾನ್‌ನಲ್ಲಿ ನಿಧನರಾದರು. ಪರೇಲ್‌ನ ಸಂಶೋಧನಾಲಯಕ್ಕೆ 1925ರಲ್ಲೇ ಅವರ ಹೆಸರಿಡಲಾಗಿತ್ತು.

ಇಲಿಯ ಕಡೆಗೂ ನೋಡಬೇಕಿತ್ತು

ಲಸಿಕೆ ಮನುಷ್ಯನನ್ನು ಕಾಯುತ್ತದೆ. ರೋಗದ ಮೂಲವನ್ನು ಮುಟ್ಟುವುದಿಲ್ಲ. ಪ್ಲೇಗ್ ಮೂಲತಃ ಇಲಿ ಹೆಗ್ಗಣಗಳ ಕಾಯಿಲೆ. 1898ರಲ್ಲಿ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಸಿಮೊಂಡ್ ಇದನ್ನು ಹರಡುವುದು ಚಿಗಟವೆಂದು ಪ್ರಯೋಗದಿಂದ ತೋರಿಸಿದರು. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟಗಳು ಬೇರೆ ಪ್ರಾಣಿಯನ್ನು ಹುಡುಕುತ್ತವೆ. ಹಾಗಾಗಿ ಮನೆಯಲ್ಲಿ ಮೊದಲು ಇಲಿ ಸಾಯುತ್ತದೆ, ಆಮೇಲೆ ಮನುಷ್ಯನಿಗೆ ಗಡ್ಡೆ ಏಳುತ್ತದೆ. ಪ್ರಯೋಗಾಲಯಗಳು ಹೇಳುವ ಮೊದಲೇ ನಮ್ಮ ಹಳ್ಳಿಗರಿಗೆ ಇಷ್ಟು ಗೊತ್ತಿತ್ತು: ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಸತ್ತ ಇಲಿಗಳನ್ನು ಎಣಿಸುವ ಕೆಲಸವೇ ಇಂದಿನ ರೋಗ ಕಣ್ಗಾವಲಿನ ತಿರುಳು. ಕರ್ನಾಟಕದಲ್ಲಿ 1966ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಪ್ಲೇಗ್ ಕಂಡ ಮೇಲೂ ಆ ಪ್ರದೇಶದ ಇಲಿ ಮತ್ತು ಚಿಗಟಗಳ ಪರೀಕ್ಷೆಯನ್ನು ಬೆಂಗಳೂರಿನ ಕೇಂದ್ರ ಸರ್ಕಾರದ ಪ್ಲೇಗ್ ಕಣ್ಗಾವಲು ಘಟಕ ಮುಂದುವರಿಸಿತು. ಮಲೆನಾಡಿನಲ್ಲಿ ಮಂಗನ ಸಾವಿನ ಸುದ್ದಿಯನ್ನು ಆರೋಗ್ಯ ಇಲಾಖೆ ಸಂಗ್ರಹಿಸುವುದೂ ಇದೇ ಕಾರಣಕ್ಕೆ.

ಬೋಧನಾಭ್ಯಾಸಕ್ಕೆ ಸೂಚನೆಗಳು

ಈ ಜೀವನವನ್ನು ಒಂದೇ ಅವಧಿಯಲ್ಲಿ ಕಥೆಯಾಗಿ ಹೇಳಿ ಮುಗಿಸುವುದಕ್ಕಿಂತ ಎರಡು ಅವಧಿಗಳಲ್ಲಿ ಹಂಚುವುದು ಒಳಿತು. ಮೊದಲ ಅವಧಿಯಲ್ಲಿ ಸೆರೆಮನೆಯ ಪ್ರಯೋಗದವರೆಗೆ ಹೇಳಿ, ಊಟ ಮತ್ತು ವಸತಿ ಎಲ್ಲರಿಗೂ ಒಂದೇ ಆಗಿದ್ದುದು ಏಕೆ ಮುಖ್ಯ ಎಂದು ಕೇಳಬಹುದು. ಎರಡನೆಯ ಅವಧಿಯಲ್ಲಿ ಮಲ್ಕೋವಾಲದ ಸಂಗತಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ತೀರ್ಮಾನವನ್ನು ಹೇಳದೆ ಬಿಡಬೇಕು. ಉಳಿದ 88 ಮಂದಿಗೆ ಏನೂ ಆಗದಿದ್ದುದು ಏನನ್ನು ತಿಳಿಸುತ್ತದೆ, ಏನನ್ನು ತಿಳಿಸುವುದಿಲ್ಲ ಎಂದು ಮಕ್ಕಳೇ ಗುಂಪುಗಳಲ್ಲಿ ಚರ್ಚಿಸಲಿ. ತಪ್ಪು ಸೀಸೆ ತಯಾರಾದಾಗ ಆಯಿತೋ, ತೆರೆದಾಗ ಆಯಿತೋ ಎಂದು ಬೇರ್ಪಡಿಸಲು ಅವರಿಗೆ ವಾಸನೆಯ ಸಂಗತಿ ಬೇಕಾಗುತ್ತದೆ. ಅದನ್ನು ಅವರು ಕೇಳಿದಾಗ ಮಾತ್ರ ಕೊಡಬೇಕು.

19 ಸಾವುಗಳನ್ನು ಮರೆಮಾಚಿ ಪಾಠ ಮಾಡಬಾರದು. ಮುಚ್ಚಿಟ್ಟ ಸಂಗತಿ ಮುಂದೊಂದು ದಿನ ಮಗುವಿನ ಕಿವಿಗೆ ಬಿದ್ದಾಗ ಲಸಿಕೆಯ ಮೇಲಿನ ನಂಬಿಕೆಯೇ ಅಲುಗುತ್ತದೆ. ದುರಂತ ಹೇಗಾಯಿತೆಂದು ತಾನೇ ವಿಚಾರಿಸಿ ತಿಳಿದ ಮಗು ಶುದ್ಧ ಉಪಕರಣದ ಬೆಲೆಯನ್ನೂ ಬಲ್ಲದು, ಲಸಿಕೆಯ ಬೆಲೆಯನ್ನೂ ಬಲ್ಲದು. ಸತ್ತ ಇಲಿ, ಮಂಗ, ಹಕ್ಕಿಗಳನ್ನು ಕೈಯಿಂದ ಮುಟ್ಟದೆ ಹಿರಿಯರಿಗೆ, ಆಶಾ ಕಾರ್ಯಕರ್ತೆಯರಿಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕೆಂಬ ಮಾತನ್ನು ಪಾಠದ ಅನ್ವಯವಾಗಿ ಹೇಳಬೇಕು. ಊರಿನಲ್ಲಿ ಪ್ಲೇಗ್ ಮಾರಮ್ಮನ ಗುಡಿಯಿದ್ದರೆ ಅದು ಏಕೆ ಬಂತೆಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬರುವುದು ಒಳ್ಳೆಯ ಮನೆಗೆಲಸ.