ಮಾತೃವಾತ್ಸಲ್ಯದ ಶಾಸ್ತ್ರಕಾರ ಡಾ. ಜಾನ್ ಬೌಲ್ಬಿ

ತಾಯಿ-ಮಕ್ಕಳ ಮಮತೆಯನ್ನು ಅರಿಯದವರು ಲೋಕದಲ್ಲಿ ಯಾರೂ ಇಲ್ಲ. ಆದರೆ ಆ ಮಮತೆಯನ್ನು ಶಾಸ್ತ್ರದ ಒರೆಗಲ್ಲಿಗೆ ಹಚ್ಚಿ, ಶಿಶುವಿಗೆ ಅದು ಅನ್ನದಷ್ಟೇ ಅವಶ್ಯವೆಂದು ತೋರಿಸಿಕೊಟ್ಟ ಕೀರ್ತಿ ಇಂಗ್ಲೆಂಡಿನ ಮನೋವೈದ್ಯರಾದ ಡಾ. ಜಾನ್ ಬೌಲ್ಬಿಯವರಿಗೆ ಸಲ್ಲುತ್ತದೆ.

ಬೌಲ್ಬಿಯವರು 1907ನೆಯ ಇಸವಿಯ ಫೆಬ್ರವರಿ 26ರಂದು ಲಂಡನ್ ನಗರದಲ್ಲಿ ಜನಿಸಿದರು. ತಂದೆ ಸರ್ ಆಂಥೊನಿ ಬೌಲ್ಬಿ ಪ್ರಖ್ಯಾತ ಶಸ್ತ್ರವೈದ್ಯರು. ಸಿರಿವಂತ ಮನೆತನಗಳ ಅಂದಿನ ರೂಢಿಯಂತೆ ಆರು ಮಂದಿ ಮಕ್ಕಳ ಪಾಲನೆಯೂ ದಾದಿಯರದಾಗಿತ್ತು. ತಾಯಿಯ ಸಾನ್ನಿಧ್ಯ ದಿನಕ್ಕೆ ಸುಮಾರು ಒಂದು ತಾಸು ದೊರೆತರೆ ಹೆಚ್ಚು. ಜಾನ್‌ಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಅಕ್ಕರೆಯ ದಾದಿಯೊಬ್ಬಳು ಆ ಮನೆಯನ್ನು ಬಿಟ್ಟುಹೋದಳು. ಹೆತ್ತ ತಾಯಿಯನ್ನೇ ಕಳೆದುಕೊಂಡಂತಾದ ಆ ದುಃಖವನ್ನು ಅವರು ದೊಡ್ಡವರಾದ ಮೇಲೂ ನೆನೆಯುತ್ತಿದ್ದರು.

ಕೇಂಬ್ರಿಜ್ ವಿದ್ಯಾಪೀಠದ ವ್ಯಾಸಂಗದ ತರುವಾಯ ಅವರು, ನಡತೆ ಕೆಟ್ಟ ಮಕ್ಕಳಿಗಾಗಿಯೇ ಇದ್ದ ಶಾಲೆಯೊಂದರಲ್ಲಿ ಕೆಲಕಾಲ ಸೇವೆ ಸಲ್ಲಿಸಿದರು. ಅಲ್ಲಿ ಒಬ್ಬ ಹುಡುಗ ಯಾರಿಗೂ ಮನಸ್ಸು ತೆರೆಯದೆ ಒಂಟಿಯಾಗಿರುತ್ತಿದ್ದನು. ಇನ್ನೊಬ್ಬ ಬಾಲಕ ನೆರಳಿನಂತೆ ಇವರ ಬೆನ್ನುಬಿಡದೆ ತಿರುಗುತ್ತಿದ್ದನು. ಇಂಥ ಮಕ್ಕಳ ಸ್ವಭಾವಕ್ಕೆ ಶೈಶವದಲ್ಲಿಯೇ ಮೂಲವಿದೆಯೆಂಬ ಭಾವನೆ ಅವರಲ್ಲಿ ಬೇರೂರಿತು. ಮುಂದೆ ಅವರು ವೈದ್ಯಶಾಸ್ತ್ರವನ್ನೂ ಮನೋವಿಶ್ಲೇಷಣಶಾಸ್ತ್ರವನ್ನೂ ಅಭ್ಯಸಿಸಿ, ಲಂಡನ್ನಿನ ಶಿಶುಮಾರ್ಗದರ್ಶನ ಚಿಕಿತ್ಸಾಲಯವನ್ನು ಸೇರಿದರು.

ಅಲ್ಲಿಗೆ ಬಂದ ಕಳ್ಳತನದ ಚಟವುಳ್ಳ 44 ಮಕ್ಕಳ ಪೂರ್ವವೃತ್ತಾಂತವನ್ನು ಶೋಧಿಸಿ 1944ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಅವರಲ್ಲಿ 17 ಮಂದಿ ಎಳವೆಯಲ್ಲಿಯೇ ದೀರ್ಘಕಾಲ ತಾಯಿಯಿಂದ ಅಗಲಿದ್ದವರು. ಹೋಲಿಕೆಗಾಗಿ ಆರಿಸಿದ, ಕಳ್ಳತನವರಿಯದ 44 ಮಕ್ಕಳಲ್ಲಿ ಅಂಥವರು ಇಬ್ಬರೇ. ಮಹಾಯುದ್ಧದಿಂದ ಅನಾಥರಾದ ಮಕ್ಕಳ ಸಮಸ್ಯೆ ಎದುರಾದಾಗ ವಿಶ್ವ ಆರೋಗ್ಯ ಸಂಸ್ಥೆಯು ಇವರಿಂದಲೇ ವರದಿಯನ್ನು ಬರೆಯಿಸಿತು. 1951ರಲ್ಲಿ ಹೊರಬಂದ ಆ ವರದಿಯು ಹಲವು ಭಾಷೆಗಳಿಗೆ ಅನುವಾದವಾಯಿತು.

ಅಂದಿನ ಆಸ್ಪತ್ರೆಗಳಲ್ಲಿ ರೋಗಿಷ್ಠ ಮಗುವನ್ನು ತಾಯಿ ಬೇಕೆಂದಾಗ ನೋಡುವಂತಿರಲಿಲ್ಲ. ಬೌಲ್ಬಿಯವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ನರು, ಆಸ್ಪತ್ರೆ ಸೇರಿದ ಎರಡು ವರ್ಷದ ಕೂಸಿನ ಮೂಕವೇದನೆಯನ್ನು ಚಲನಚಿತ್ರದಲ್ಲಿ ಸೆರೆಹಿಡಿದು 1952ರಲ್ಲಿ ವೈದ್ಯರ ಮುಂದಿಟ್ಟರು. ಅಗಲಿದ ಮಗು ಮೊದಲು ಅತ್ತು ಪ್ರತಿಭಟಿಸುತ್ತದೆ, ಬಳಿಕ ಹತಾಶವಾಗುತ್ತದೆ, ಕೊನೆಗೆ ತಾಯಿ ಬಂದರೂ ಮುಖ ತಿರುವುತ್ತದೆ. ಸುಮ್ಮನಾದ ಮಗು ಸಮಾಧಾನಗೊಂಡ ಮಗುವಲ್ಲವೆಂಬುದು ಅವರ ತಿಳಿವು. ಹಲವರು ಮೊದಲು ಕೋಪಗೊಂಡರಾದರೂ, 1959ರಲ್ಲಿ ಸರ್ಕಾರ ನೇಮಿಸಿದ ಸಮಿತಿಯೇ ತಂದೆ-ತಾಯಿಗಳ ಭೇಟಿಗೆ ನಿರ್ಬಂಧವಿರಬಾರದೆಂದು ಶಿಫಾರಸು ಮಾಡಿತು.

ಉಣಿಸುವ ಕಾರಣದಿಂದಲೇ ಮಗು ತಾಯಿಯನ್ನು ಪ್ರೀತಿಸುತ್ತದೆಂಬುದು ಅಂದಿನ ವಿದ್ವಾಂಸರ ಮತವಾಗಿತ್ತು. ಅಮೆರಿಕದ ಹ್ಯಾರಿ ಹಾರ್ಲೋ ಎಂಬವರು ಕೋತಿಮರಿಗಳಿಗೆ ಹಾಲು ನೀಡುವ ತಂತಿಯ ಗೊಂಬೆಯನ್ನೂ ಮೆತ್ತನೆಯ ಬಟ್ಟೆಯ ಗೊಂಬೆಯನ್ನೂ ಇಟ್ಟು ನೋಡಿದರು. ಮರಿಗಳು ಬಟ್ಟೆಯ ಗೊಂಬೆಯನ್ನೇ ಹೆಚ್ಚು ಹೊತ್ತು ಅಪ್ಪಿಕೊಂಡಿದ್ದವು. 1958ರಲ್ಲಿ ಪ್ರಕಟವಾದ ಈ ಪ್ರಯೋಗವು ಬೌಲ್ಬಿಯವರ ವಾದಕ್ಕೆ ಬಲವಾಯಿತು. ಅವರೊಡನೆ ದುಡಿದಿದ್ದ ಮೇರಿ ಐನ್ಸ್‌ವರ್ತ್ ಎಂಬ ವಿದುಷಿ ಉಗಾಂಡದಲ್ಲಿಯೂ ಬಾಲ್ಟಿಮೋರಿನಲ್ಲಿಯೂ ತಾಯಿ-ಮಕ್ಕಳನ್ನು ಕಣ್ಣಾರೆ ನೋಡಿ, ತಾಯಿಯ ಆಸರೆಯ ಭರವಸೆಯುಳ್ಳ ಮಗುವೇ ಧೈರ್ಯವಾಗಿ ಲೋಕವನ್ನು ಅರಸುತ್ತದೆಂದು ವಿಶದಪಡಿಸಿದರು. ಈ ಸಿದ್ಧಾಂತವನ್ನು ಬೌಲ್ಬಿಯವರು 1969, 1973 ಮತ್ತು 1980ರಲ್ಲಿ ಪ್ರಕಟವಾದ ಮೂರು ಸಂಪುಟಗಳ ಉದ್ಗ್ರಂಥದಲ್ಲಿ ಪ್ರತಿಪಾದಿಸಿದರು.

ಟೀಕೆಗಳಿಗೂ ಕೊರತೆಯಿರಲಿಲ್ಲ. ದುಡಿಯುವ ತಾಯಂದಿರ ಮೇಲೆ ಈ ಮಾತು ಹೊರೆಯಾಯಿತೆಂದು ಹಲವರು ಆಕ್ಷೇಪಿಸಿದರು. ಅಗಲಿಕೆಗಳೆಲ್ಲವೂ ಒಂದೇ ಬಗೆಯವಲ್ಲ, ಮಗು ಹಲವರಲ್ಲಿ ಪ್ರೀತಿಯಿಡಬಲ್ಲದು ಎಂದು ಮೈಕೆಲ್ ರಟರ್ 1972ರಲ್ಲಿ ವಿವೇಚಿಸಿದರು. ಈ ತಿದ್ದುಪಡಿಗಳಿಂದ ಮೂಲತತ್ತ್ವಕ್ಕೆ ಕುಂದುಬರಲಿಲ್ಲ. ಹೆತ್ತವಳಾಗಲಿ, ಸಾಕಿದವರಾಗಲಿ, ನೆಚ್ಚಬಹುದಾದ ಒಂದು ಜೀವ ಮಗುವಿಗೆ ಬೇಕೇಬೇಕು.

ಬೌಲ್ಬಿಯವರು 1990ರ ಸೆಪ್ಟೆಂಬರ್ 2ರಂದು ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಕಾಲವಶರಾದರು. ತಾವು ಉಂಡ ನೋವನ್ನು ಕಹಿಯಾಗಿಸದೆ ಲೋಕೋಪಕಾರಿಯಾದ ಅರಿವನ್ನಾಗಿ ಮಾಡಿದ ಧನ್ಯಜೀವಿ ಅವರು. ಮನೆಯಿಂದ ದೂರವಾಗಿ ಬಂದ ಎಳೆಯನೊಬ್ಬನು ತರಗತಿಯ ಮೂಲೆಯಲ್ಲಿ ಸದ್ದಿಲ್ಲದೆ ಕುಳಿತಿದ್ದರೆ, ಅವನನ್ನು ಸಾಧುಬಾಲಕನೆಂದು ಮೆಚ್ಚಿ ಮುಂದೆ ಸಾಗದೆ, ಬಳಿ ಕರೆದು ಮಾತನಾಡಿಸುವ ಉಪಾಧ್ಯಾಯರೇ ಈ ಮಹನೀಯರ ನಿಜವಾದ ಉತ್ತರಾಧಿಕಾರಿಗಳು.