ಲಿಂಗೈಕ್ಯ ವೀರೇಂದ್ರ ಪಾಟೀಲರು: ಒಂದು ಬದುಕು, ಎರಡು ನಿಲುವು

ಕಳೆದ ತಿಂಗಳು ಮಂಗಳೂರಿನ ಉರ್ವದಲ್ಲಿ ನೆಲೆಸಿರುವ ಭಕ್ತರೊಬ್ಬರ ಮನೆಯಲ್ಲಿ ಪೂಜೆ, ಪ್ರಸಾದ ಮುಗಿದ ತರುವಾಯ ಮಾತು ರಾಜಕಾರಣದತ್ತ ಹೊರಳಿತು. ಮೇಲಿನ ಹುದ್ದೆ ಕಣ್ಣಿಗೆ ಬಿದ್ದೊಡನೆ ನಿನ್ನೆಯ ನುಡಿಯನ್ನು ಮರೆಯುವವರು ನಮ್ಮ ಸಮಾಜದ ಹಿರಿಯರಲ್ಲಿಯೂ ಇದ್ದರೇ ಎಂದು ಆ ಮನೆಯ ತರುಣನೊಬ್ಬ ಕೇಳಿದನು. ಕುಳಿತಿದ್ದ ವೃದ್ಧರಿಗೆ ಒಡನೆಯೇ ನೆನಪಾದದ್ದು 1978ರಲ್ಲಿ ಘಟ್ಟದ ಮೇಲೆ ನಡೆದ ಚಿಕ್ಕಮಗಳೂರು ಉಪಚುನಾವಣೆ; ಅದರೊಡನೆ ವೀರೇಂದ್ರ ಪಾಟೀಲರ ಹೆಸರು. ಆ ತರುಣನಿಗೆ ಅಂದು ಪೂರ್ಣವಾಗಿ ಉತ್ತರಿಸಲಾಗಲಿಲ್ಲ. ಅದಕ್ಕಾಗಿ ಈ ಬರಹ.

ಪಾಟೀಲರು ಹುಟ್ಟಿದ್ದು 1924ರಲ್ಲಿ, ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ. 1957ರಲ್ಲಿ ವಿಧಾನಸಭೆಯನ್ನು ಪ್ರವೇಶಿಸಿದ ಅವರು ಎಸ್. ನಿಜಲಿಂಗಪ್ಪನವರ ಗರಡಿಯಲ್ಲಿ ಬೆಳೆದರು. ಅವರನ್ನೂ ರಾಮಕೃಷ್ಣ ಹೆಗಡೆಯವರನ್ನೂ ಜನರು ನಿಜಲಿಂಗಪ್ಪನವರ ಲವಕುಶರೆಂದು ಕರೆಯುತ್ತಿದ್ದರು. ಗುರುಗಳು ಕಾಂಗ್ರೆಸ್ಸಿನ ಅಖಿಲ ಭಾರತ ಅಧ್ಯಕ್ಷರಾಗಿ ದೆಹಲಿಗೆ ತೆರಳಿದಾಗ, 1968ರ ಮೇ ತಿಂಗಳಲ್ಲಿ, ಪಾಟೀಲರು ಮುಖ್ಯಮಂತ್ರಿಯಾದರು.

ಮರುವರ್ಷವೇ ಪಕ್ಷ ಒಡೆಯಿತು. ರಾಷ್ಟ್ರಪತಿ ಚುನಾವಣೆಯಲ್ಲಿ ನೀಲಂ ಸಂಜೀವ ರೆಡ್ಡಿಯವರನ್ನು ಪಕ್ಷದ ಅಭ್ಯರ್ಥಿಯೆಂದು ತಾವೇ ಸೂಚಿಸಿದ್ದ ಇಂದಿರಾ ಗಾಂಧಿಯವರು ಬಳಿಕ ಆತ್ಮಸಾಕ್ಷಿಯ ಮತಕ್ಕೆ ಕರೆಕೊಟ್ಟರು, ವಿ.ವಿ. ಗಿರಿಯವರು ಗೆದ್ದರು. ದೆಹಲಿಯ ಗಾಳಿ ಎತ್ತ ಬೀಸುತ್ತಿದೆಯೆಂಬುದು ಪಾಟೀಲರಿಗೆ ತಿಳಿಯದ್ದೇನಲ್ಲ. ಗಾದಿಯೇ ಮುಖ್ಯವಾಗಿದ್ದರೆ ಅತ್ತ ಸರಿಯಬಹುದಿತ್ತು. ಅವರು ಸರಿಯಲಿಲ್ಲ. 1971ರಲ್ಲಿ ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಪಕ್ಷದ ಪಾಲಾದವು. ಶಾಸಕರು ಒಬ್ಬೊಬ್ಬರಾಗಿ ಅತ್ತ ನಡೆದರು. ಮಾರ್ಚ್ ತಿಂಗಳಲ್ಲಿ ಸರ್ಕಾರ ಬಿದ್ದಿತು. ನಿಜಲಿಂಗಪ್ಪನವರ ಸಂಪುಟದಲ್ಲಿದ್ದು, ಬಳಿಕ ಇಂದಿರಾ ಅವರೊಡನೆ ಹೋದ ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಯಾದರು. ತುರ್ತುಪರಿಸ್ಥಿತಿಯ ಕಾಲದಲ್ಲಿಯೂ ಪಾಟೀಲರು ವಿರೋಧಪಕ್ಷದಲ್ಲಿಯೇ ಉಳಿದರು.

ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಅವರು 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಸ್ಪರ್ಧಿಸಿದಾಗ ಜನತಾ ಪಕ್ಷ ಎದುರು ನಿಲ್ಲಿಸಿದ್ದು ಪಾಟೀಲರನ್ನು. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸರು ಪ್ರಚಾರದ ನೊಗ ಹೊತ್ತರು. ಅರಸರು ಇಂದಿರಾ ಅವರ ಬೆನ್ನಿಗಿದ್ದರು. ಪಾಟೀಲರು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು.

ಇದಾದ 14 ತಿಂಗಳಲ್ಲಿ ನಡೆದದ್ದನ್ನು ಹೇಳಹೊರಟರೆ ಇಂದಿಗೂ ವಿಚಿತ್ರವೆನಿಸುತ್ತದೆ. ಗೆಲ್ಲಿಸಿಕೊಟ್ಟ ಅರಸರು ಇಂದಿರಾ ಅವರಿಂದ ದೂರವಾದರು. ಲೋಕಸಭೆಯಲ್ಲಿ ಮೊರಾರ್ಜಿ ಸರ್ಕಾರವನ್ನು ಸಮರ್ಥಿಸಿ ಮಾತನಾಡಿದ ಜಾರ್ಜ್ ಅವರು ಕೆಲವೇ ದಿನಗಳಲ್ಲಿ ಅದಕ್ಕೆ ರಾಜೀನಾಮೆಯಿತ್ತರು. ಸೋತಿದ್ದ ಪಾಟೀಲರು 1980ರ ಜನವರಿಯಲ್ಲಿ ಇಂದಿರಾ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ಬಾಗಲಕೋಟೆಯಿಂದ ಲೋಕಸಭೆಗೆ ಆಯ್ಕೆಯಾದರು. ಅದೇ ವರ್ಷ ಕೇಂದ್ರದಲ್ಲಿ ಪೆಟ್ರೋಲಿಯಂ ಖಾತೆಯ ಸಚಿವರಾದರು.

ಇದನ್ನು ಹುದ್ದೆಗಾಗಿ ಬದಲಾದ ನಿಲುವೆಂದೇ ಹಲವರು ಕಂಡರು. ಸಮಾಜದವರೆಂಬ ಅಭಿಮಾನದಿಂದ ನಾವು ಅದನ್ನು ಮುಚ್ಚಿಡಬೇಕಾಗಿಲ್ಲ. ಜನತಾ ಪಕ್ಷ ಒಳಜಗಳದಿಂದಲೇ ಚೂರಾಗಿತ್ತು, ಉಳಿದು ಮಾಡುವುದೇನಿತ್ತು ಎಂಬ ಸಮಾಧಾನವೂ ಉಂಟು. ಅದು ಅರ್ಧ ಸತ್ಯವೆಂದು ನನ್ನ ಎಣಿಕೆ. ಪಕ್ಷ ಚೂರಾದರೆ ಮನೆಗೆ ಮರಳಬಹುದು. ಹತ್ತು ವರ್ಷ ಎದುರಿಸಿದವರ ಸಂಪುಟವನ್ನೇ ಸೇರಬೇಕೆಂದಿಲ್ಲ. ಆದರೆ ಆ ಹತ್ತು ವರ್ಷಗಳನ್ನೂ ಲೆಕ್ಕದಿಂದ ಹೊರಗಿಡುವಂತಿಲ್ಲ. ಅಷ್ಟು ದೀರ್ಘಕಾಲ ಅಧಿಕಾರವಿಲ್ಲದೆ ನಿಂತವರು ಅಂದೂ ವಿರಳ.

1989ರಲ್ಲಿ ಅವರ ನೇತೃತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನಗಳನ್ನು ಗಳಿಸಿತು. 18 ವರ್ಷಗಳ ಬಳಿಕ ಪಾಟೀಲರು ಮತ್ತೆ ವಿಧಾನಸೌಧದ ಮೆಟ್ಟಿಲೇರಿದರು. ಈ ಬಾರಿ ಮದ್ಯದ ದೊರೆಗಳ ಹಿಡಿತವನ್ನು ಸಡಿಲಿಸಿ ಅಬಕಾರಿ ಆದಾಯವನ್ನು ಬೊಕ್ಕಸಕ್ಕೆ ತರಲು ಅವರು ತೋರಿದ ಬಿಗಿ, ಹಳೆಯ ಪಾಟೀಲರನ್ನು ನೆನಪಿಸುವಂತಿತ್ತು. ವರ್ಷ ತುಂಬುವ ಮುನ್ನವೇ ಪಾರ್ಶ್ವವಾಯು ಬಡಿಯಿತು. ರಾಜ್ಯದಲ್ಲಿ ಕೋಮುಗಲಭೆಗಳು ಹೊತ್ತಿದ್ದ ಆ ದಿನಗಳಲ್ಲಿ, 1990ರ ಅಕ್ಟೋಬರಿನಲ್ಲಿ, ಅನಾರೋಗ್ಯದಲ್ಲಿದ್ದ ಅವರನ್ನು ಕಂಡು ಹಿಂದಿರುಗುವಾಗ ರಾಜೀವ್ ಗಾಂಧಿಯವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೇ ನಾಯಕತ್ವದ ಬದಲಾವಣೆಯನ್ನು ಪ್ರಕಟಿಸಿದರು. ಕೆಲ ದಿನಗಳ ರಾಷ್ಟ್ರಪತಿ ಆಳ್ವಿಕೆಯ ಬಳಿಕ ಎಸ್. ಬಂಗಾರಪ್ಪನವರು ಅಧಿಕಾರಕ್ಕೆ ಬಂದರು.

ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಆ ವಿಮಾನ ನಿಲ್ದಾಣದ ಮಾತು ಇಂದಿಗೂ ನೋವಿನ ಸಂಗತಿ. ಚಿಕ್ಕಮಗಳೂರಿನಿಂದ ಬಾಗಲಕೋಟೆಯವರೆಗಿನ ಆ 14 ತಿಂಗಳ ಮಾತನ್ನು ಮಾತ್ರ ಅಲ್ಲಿ ಯಾರೂ ಎತ್ತುವುದಿಲ್ಲ. ಪಾಟೀಲರು 1997ರ ಮಾರ್ಚ್ 14ರಂದು ಲಿಂಗೈಕ್ಯರಾದರು.