ನಿಂತ ಫೋಟೋಗಳಿಂದ ಕುದುರೆ ಓಡಿಸಿದವನು

ಫೇರ್‌ವೆಲ್ ಸೀಸನ್ ಬಂತು ಅಂದ್ರೆ ಕ್ಲಬ್‌ನಲ್ಲಿ ಎಡಿಟಿಂಗ್ ಗೊತ್ತಿರೋರಿಗೆಲ್ಲ ಒಂದೇ ಕೆಲಸ, ಫೋಟೋ ಜೋಡಿಸಿ ವಿಡಿಯೋ ಮಾಡೋದು. ಈ ಸಲ ನನ್ನ ಪಾಲಿಗೆ ಬಂದಿದ್ದು ರಿಟೈರ್ ಆಗ್ತಿರೋ ಲ್ಯಾಬ್ ಅಟೆಂಡರ್ ಒಬ್ಬರ ವಿಡಿಯೋ. ಹಾಡು 3 ನಿಮಿಷ, ಸಿಕ್ಕಿದ್ದು 9 ಫೋಟೋ. ಲೆಕ್ಕ ಹಾಕಿದ್ರೆ ಒಂದೊಂದು ಫೋಟೋ 20 ಸೆಕೆಂಡ್ ಸ್ಕ್ರೀನ್ ಮೇಲೆ ನಿಲ್ಲಬೇಕು. ಅಷ್ಟು ಹೊತ್ತು ಯಾರು ನೋಡ್ತಾರೆ? ನಿಂತಿರೋ ಫೋಟೋನ ಹೇಗೆ ಅಲ್ಲಾಡಿಸೋದು ಅಂತ ಹುಡುಕ್ತಾ ಹೋದಾಗ ಸಿಕ್ಕವನು ಎಡ್ವರ್ಡ್ ಮೈಬ್ರಿಜ್. ಎಡಿಟಿಂಗ್ ಸಾಫ್ಟ್‌ವೇರ್ ಹಾಗಿರಲಿ, ಸಿನಿಮಾ ಅನ್ನೋದೇ ಇಲ್ಲದ ಕಾಲದಲ್ಲಿ ಸ್ಟಿಲ್ ಫೋಟೋಗಳಿಂದ ಕುದುರೆ ಓಡಿಸಿ ತೋರಿಸಿದವನು. ನಾವು ಟೈಮ್‌ಲೈನ್ ಮುಂದೆ ಕೂತು ಇವತ್ತು ಮಾಡೋ ಸುಮಾರು ತಪ್ಪುಗಳನ್ನ ಇವನು ನೂರೈವತ್ತು ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದ.

ಈತ ಹುಟ್ಟಿದ್ದು 1830ರ ಏಪ್ರಿಲ್ 9ರಂದು, ಇಂಗ್ಲೆಂಡಿನಲ್ಲಿ ಥೇಮ್ಸ್ ನದಿಯ ದಂಡೆಯ ಕಿಂಗ್‌ಸ್ಟನ್ ಅನ್ನೋ ಊರಲ್ಲಿ. ಅಪ್ಪ ಅಮ್ಮ ಇಟ್ಟ ಹೆಸರು ಎಡ್ವರ್ಡ್ ಜೇಮ್ಸ್ ಮಗರಿಜ್. ಇಪ್ಪತ್ತರ ಆಸುಪಾಸಲ್ಲಿ ಅಮೆರಿಕಕ್ಕೆ ಹೋದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪುಸ್ತಕದ ಅಂಗಡಿ ಇಟ್ಟ. ಹೆಸರನ್ನ ಸ್ವಲ್ಪ ಸ್ವಲ್ಪವೇ ಬದಲಾಯಿಸ್ತಾ ಕೊನೆಗೆ ಮೈಬ್ರಿಜ್ ಆದ. 1860ರಲ್ಲಿ ಟೆಕ್ಸಾಸ್‌ನಲ್ಲಿ ಅವನು ಕೂತಿದ್ದ ಕುದುರೆ ಬಂಡಿ ಹಿಡಿತ ತಪ್ಪಿ ಅಪಘಾತ ಆಯ್ತು. ತಲೆಗೆ ಜೋರಾಗಿ ಪೆಟ್ಟು ಬಿತ್ತು, ಒಂದೇ ವಸ್ತು ಎರಡೆರಡಾಗಿ ಕಾಣೋಕೆ ಶುರುವಾಯ್ತು. ಚಿಕಿತ್ಸೆಗೆ ಇಂಗ್ಲೆಂಡಿಗೆ ವಾಪಸ್ ಹೋದವನು 1867ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋಗೆ ಮರಳಿದ್ದು ಫೋಟೋಗ್ರಾಫರ್ ಆಗಿ.

ಮೊದಲು ಅವನಿಗೆ ಹೆಸರು ತಂದಿದ್ದು ಯೊಸೆಮಿಟಿ ಕಣಿವೆಯ ಫೋಟೋಗಳು. ಆಗಿನ ಗಾಜಿನ ಪ್ಲೇಟುಗಳಲ್ಲಿ ಒಂದು ಸಮಸ್ಯೆ ಇತ್ತು. ಅವು ನೀಲಿ ಬೆಳಕಿಗೆ ವಿಪರೀತ ಸ್ಪಂದಿಸ್ತಿದ್ವು. ಬೆಟ್ಟ ಸರಿಯಾಗಿ ಬರೋ ಹೊತ್ತಿಗೆ ಆಕಾಶ ಪೂರ್ತಿ ಬೆಳ್ಳಗಾಗಿ ಮೋಡಗಳೆಲ್ಲ ಮಾಯ. ಮೈಬ್ರಿಜ್ ಮೋಡಗಳನ್ನ ಬೇರೆ ನೆಗೆಟಿವ್‌ನಲ್ಲಿ ತೆಗೆದಿಟ್ಟು, ಪ್ರಿಂಟ್ ಹಾಕೋವಾಗ ಬೆಟ್ಟದ ಮೇಲೆ ಕೂರಿಸ್ತಿದ್ದ. ನಾವು ಮಾಡೋ ಲೇಯರ್ ಕೆಲಸ ಇದೇ ತಾನೆ? ನೋಡೋಕೆ ಚೆನ್ನಾಗಿರ್ತಿತ್ತು, ಜನ ದುಡ್ಡು ಕೊಟ್ಟು ಕೊಳ್ತಿದ್ರು. ಆದರೆ ಆ ಮೋಡ ಆ ದಿನ ಆ ಬೆಟ್ಟದ ಮೇಲೆ ಇರಲಿಲ್ಲ. ಈ ವಿಷಯ ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

1872ರಲ್ಲಿ ಅವನನ್ನ ಕರೆಸಿದ್ದು ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್. ಕ್ಯಾಲಿಫೋರ್ನಿಯಾದ ಮಾಜಿ ಗವರ್ನರ್, ರೈಲ್ವೆ ಕಂಪನಿಯ ಒಡೆಯ, ಮುಂದೆ ಅದೇ ಹೆಸರಿನ ಯೂನಿವರ್ಸಿಟಿ ಕಟ್ಟಿಸಿದವನು. ಅವನಿಗೆ ರೇಸ್ ಕುದುರೆಗಳ ಹುಚ್ಚು. ಓಡೋವಾಗ ಕುದುರೆಯ ನಾಲ್ಕೂ ಗೊರಸು ಒಟ್ಟಿಗೆ ನೆಲ ಬಿಡುತ್ತಾ ಇಲ್ವಾ ಅನ್ನೋದು ಆಗಿನ ದೊಡ್ಡ ಚರ್ಚೆ. ಕನ್ನಡದಲ್ಲಿ ನಾವು ನಾಗಾಲೋಟ ಅಂತೀವಿ, ನಾಲ್ಕು ಕಾಲಿನ ಓಟ. ಆದರೆ ಆ ನಾಲ್ಕು ಕಾಲು ಯಾವ ಕ್ಷಣದಲ್ಲಿ ಎಲ್ಲಿರುತ್ತೆ ಅಂತ ಬರಿಗಣ್ಣಿಗೆ ಕಾಣಲ್ಲ. ಸ್ಟ್ಯಾನ್‌ಫರ್ಡ್ ಇದಕ್ಕೆ 25,000 ಡಾಲರ್ ಬಾಜಿ ಕಟ್ಟಿದ್ದ ಅನ್ನೋ ಕಥೆ ಎಲ್ಲ ಕಡೆ ಓಡಾಡುತ್ತೆ, ಅದಕ್ಕೆ ಪುರಾವೆ ಇಲ್ಲ. ಆಕ್ಸಿಡೆಂಟ್ ಅನ್ನೋ ಕುದುರೆಯ ಫೋಟೋ ತೆಗೆಯೋ ಕೆಲಸ ಶುರುವಾಯ್ತು. ಹೌದು, ಉಚ್ಚಾರ ಹಾಗೇ, ಅರ್ಥ ಮಾತ್ರ ಪಶ್ಚಿಮ ದಿಕ್ಕು.

ಮಧ್ಯದಲ್ಲಿ ಅವನ ಜೀವನದ ಅತಿ ಕೆಟ್ಟ ಅಧ್ಯಾಯ ಬರುತ್ತೆ. 1874ರಲ್ಲಿ ತನ್ನ ಹೆಂಡತಿ ಫ್ಲೋರಾ ಮತ್ತು ಹ್ಯಾರಿ ಲಾರ್ಕಿನ್ಸ್ ಅನ್ನೋವನ ಸಂಬಂಧ ಅವನಿಗೆ ಗೊತ್ತಾಯ್ತು. ಮಗುವಿನ ಒಂದು ಫೋಟೋ ಹಿಂದೆ ಹ್ಯಾರಿಯ ಹೆಸರು ಬರೆದಿದ್ದನ್ನ ನೋಡಿ ತಲೆ ಕೆಟ್ಟುಹೋಯ್ತು ಅಂತ ಕೋರ್ಟಿನ ಸಾಕ್ಷ್ಯದಲ್ಲಿ ಬಂತು. ಅಕ್ಟೋಬರ್ 17ರ ರಾತ್ರಿ ಹ್ಯಾರಿ ಇದ್ದ ಜಾಗ ಹುಡುಕಿಕೊಂಡು ಹೋಗಿ ಗುಂಡು ಹಾರಿಸಿ ಕೊಂದ. ಬಂಡಿ ಅಪಘಾತದಿಂದ ಬುದ್ಧಿ ಸ್ಥಿಮಿತ ತಪ್ಪಿದೆ ಅಂತ ವಕೀಲರು ವಾದ ಮಾಡಿದ್ರು. ಜ್ಯೂರಿ ಅದನ್ನ ಒಪ್ಪಲಿಲ್ಲ, ಆದರೂ ಕೊಲೆಗೆ ನ್ಯಾಯ ಇದೆ ಅಂತ ಹೇಳಿ 1875ರಲ್ಲಿ ಬಿಟ್ಟುಬಿಟ್ಟಿತು. ಅವನು ಫೋಟೋ ತೆಗೆಯೋಕೆ ಮಧ್ಯ ಅಮೆರಿಕಕ್ಕೆ ಹೊರಟುಹೋದ. ಅದೇ ವರ್ಷ ಫ್ಲೋರಾ ಕಾಯಿಲೆಯಿಂದ ಸತ್ತಳು, ಮಗು ಅನಾಥಾಶ್ರಮ ಸೇರಿತು. ದೊಡ್ಡ ಕೆಲಸ ಮಾಡಿದವನು ಅಂತ ಇದನ್ನ ಮುಚ್ಚಿಡೋದು ಸರಿ ಅಲ್ಲ. ಒಂದು ಫೋಟೋ, ಅದರ ಹಿಂದೆ ಒಂದು ಹೆಸರು, ಉಳಿದ ಕಥೆಯನ್ನ ಅವನೇ ತಲೆಯಲ್ಲಿ ಪೂರ್ತಿ ಮಾಡಿಕೊಂಡ. ಮೂರು ಜನ ಅದಕ್ಕೆ ಬೆಲೆ ಕೊಟ್ಟರು.

1877ರಲ್ಲಿ ಅವನು ಓಡ್ತಿರೋ ಆಕ್ಸಿಡೆಂಟ್‌ನ ಹೊಸ ಫೋಟೋ ಬಿಡುಗಡೆ ಮಾಡಿದ. ಪತ್ರಿಕೆಯವರಿಗೆ ಅನುಮಾನ ಬಂತು. ಅನುಮಾನ ಸರಿಯಾಗೇ ಇತ್ತು. ಅದು ನೇರ ಫೋಟೋ ಆಗಿರಲಿಲ್ಲ. ಕಲಾವಿದನೊಬ್ಬ ಬರೆದ ಪೇಂಟಿಂಗ್‌ಗೆ ಸವಾರನ ಮುಖದ ಫೋಟೋ ಅಂಟಿಸಿ, ಅದರ ಫೋಟೋ ತೆಗೆದಿದ್ದು. ಮೋಡ ಕೂರಿಸಿದ ಹಾಗೆ ಇದನ್ನೂ ಕೂರಿಸಿದ್ದ. ಬೆಟ್ಟದ ಚಿತ್ರಕ್ಕೆ ಜನ ಒಪ್ಪಿದ್ದನ್ನ ಪುರಾವೆ ಅಂತ ಕೊಟ್ಟ ಚಿತ್ರಕ್ಕೆ ಒಪ್ಪಲಿಲ್ಲ. ಆಗ ಅವನಿಗೆ ಉಳಿದಿದ್ದು ಒಂದೇ ದಾರಿ, ಎಲ್ಲರ ಕಣ್ಣೆದುರೇ ಮಾಡಿ ತೋರಿಸೋದು.

1878ರ ಜೂನ್ 15, ಪಾಲೊ ಆಲ್ಟೊದಲ್ಲಿ ಸ್ಟ್ಯಾನ್‌ಫರ್ಡ್‌ನ ಕುದುರೆ ಫಾರಂ. ಟ್ರ್ಯಾಕ್ ಪಕ್ಕ ಸಾಲಾಗಿ 12 ಕ್ಯಾಮೆರಾ. ಎದುರುಗಡೆ ಬಿಳಿ ಹಿನ್ನೆಲೆ, ಅದರ ಮೇಲೆ ಅಳತೆಗೆ ಗೆರೆ ಮತ್ತು ನಂಬರ್. ಕುದುರೆ ಓಡ್ತಾ ದಾರಕ್ಕೆ ತಾಗಿದಾಗ ಒಂದೊಂದೇ ಕ್ಯಾಮೆರಾದ ಶಟರ್ ಬೀಳಬೇಕು. ಶಟರ್‌ನ ಎಲೆಕ್ಟ್ರಿಕ್ ವ್ಯವಸ್ಥೆಗೆ ಕೆಲಸ ಮಾಡಿದವನು ರೈಲ್ವೆಯ ಎಂಜಿನಿಯರ್ ಜಾನ್ ಐಸಾಕ್ಸ್. ನಮ್ಮವರ ಹೆಸರು ಇಲ್ಲೂ ಸಣ್ಣಕ್ಷರದಲ್ಲೇ. ಪತ್ರಕರ್ತರನ್ನ ಕರೆದು ಅವರ ಎದುರೇ ಪ್ಲೇಟ್ ಡೆವಲಪ್ ಮಾಡಿದ್ರು. ಸ್ಯಾಲಿ ಗಾರ್ಡ್ನರ್ ಅನ್ನೋ ಕುದುರೆ ಓಡುವಾಗ ಜೀನಿನ ಪಟ್ಟಿ ಕಿತ್ತುಹೋಯ್ತು, ಅದು ಪ್ಲೇಟಿನಲ್ಲೂ ಕಂಡಿತು. ಮತ್ತೆ ಯಾರೂ ಅನುಮಾನ ಪಡೋ ಹಾಗಿರಲಿಲ್ಲ. ನಾಲ್ಕೂ ಗೊರಸು ನೆಲ ಬಿಡೋದು ನಿಜ. ಆದರೆ ಪೇಂಟಿಂಗ್‌ಗಳಲ್ಲಿ ಬರೆಯೋ ಹಾಗೆ ಕಾಲು ಹಿಂದೆ ಮುಂದೆ ಚಾಚಿದಾಗ ಅಲ್ಲ, ನಾಲ್ಕೂ ಹೊಟ್ಟೆಯ ಕೆಳಗೆ ಸೇರಿದಾಗ.

ಪ್ರಕಟವಾದ ಕಾರ್ಡಿನ ಪ್ರಕಾರ ಚಿತ್ರಗಳ ನಡುವೆ 27 ಇಂಚು ದೂರ, ಸುಮಾರು 1/25 ಸೆಕೆಂಡ್ ಸಮಯ. ಲೆಕ್ಕ ಹಾಕಿ ನೋಡಿ, ಕುದುರೆಯ ವೇಗ ಗಂಟೆಗೆ 60 ಕಿಲೋಮೀಟರ್‌ಗೂ ಸ್ವಲ್ಪ ಜಾಸ್ತಿ. ಎಕ್ಸ್‌ಪೋಷರ್ 1/2000 ಸೆಕೆಂಡಿಗಿಂತ ಕಡಿಮೆ, ಅಂದ್ರೆ ಅಷ್ಟರಲ್ಲಿ ಕುದುರೆ ಸರಿಯೋದು 1 ಸೆಂಟಿಮೀಟರ್ ಕೂಡ ಇಲ್ಲ. ಅದಕ್ಕೇ ಚಿತ್ರ ಮಸುಕಾಗಲಿಲ್ಲ. ಇನ್ನೊಂದು ಮಜಾ, 1/25 ಸೆಕೆಂಡ್ ಅಂದ್ರೆ 25 ಎಫ್‌ಪಿಎಸ್, ನಮ್ಮ ದೇಶದ ಟಿವಿಯ ಫ್ರೇಮ್ ರೇಟ್.

ಇಲ್ಲಿ ನಮಗೆ ಬೇಕಾದ ಪಾಠ ಇದೆ. ಆ 12 ಫೋಟೋಗಳನ್ನ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಸುಮ್ಮನೆ ಎಳೆದು ಹಾಕಿದ್ರೆ ಒಂದೊಂದೂ 5 ಸೆಕೆಂಡ್ ಆಗಿ ಕೂರುತ್ತೆ, ಹೆಚ್ಚಿನ ಕಡೆ ಡೀಫಾಲ್ಟ್ ಅದೇ. ಒಟ್ಟು 1 ನಿಮಿಷದ ಬೋರಿಂಗ್ ಸ್ಲೈಡ್ ಶೋ. ಅದೇ ಫೋಟೋಗಳನ್ನ ಇಮೇಜ್ ಸೀಕ್ವೆನ್ಸ್ ಅಂತ ಇಂಪೋರ್ಟ್ ಮಾಡಿ 25 ಎಫ್‌ಪಿಎಸ್ ಕೊಟ್ಟರೆ ಅರ್ಧ ಸೆಕೆಂಡಿನಲ್ಲಿ ಕುದುರೆ ಓಡುತ್ತೆ. ಫೈಲ್ ಹೆಸರುಗಳು 001, 002, 003 ಅಂತ ಒಂದೂ ಬಿಡದೆ ಇರಬೇಕು. ಬರೀ 1, 2, 10 ಅಂತ ಇಟ್ಟರೆ ಕೆಲವು ಕಡೆ 1 ಆದಮೇಲೆ 10 ಬಂದು ಕುದುರೆ ಕುಂಟುತ್ತೆ. ಸ್ಟಾಪ್ ಮೋಷನ್ ಅಥವಾ ಟೈಮ್ ಲ್ಯಾಪ್ಸ್ ಮಾಡೋರು ಕ್ಯಾಮೆರಾನ ಮ್ಯಾನುಯಲ್‌ಗೆ ಹಾಕಿ ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ. ಮೈಬ್ರಿಜ್ ಒಂದೇ ಥರದ ಕ್ಯಾಮೆರಾಗಳನ್ನ ಒಂದೇ ಗೆರೆಯಲ್ಲಿ ಇಟ್ಟಿದ್ದು ಯಾಕೆ ಅಂತ ಆಗ ಅರ್ಥ ಆಗುತ್ತೆ. ಇಲ್ಲಾಂದ್ರೆ ಪ್ಲೇ ಮಾಡಿದಾಗ ಬೆಳಕು ಮಿಣುಕು ಮಿಣುಕು ಅನ್ನುತ್ತೆ.

ಮುಂದಿನ ವರ್ಷ ಕ್ಯಾಮೆರಾಗಳು 24 ಆದವು. ಅದೇ 1879ರಲ್ಲಿ ಜೂಪ್ರಾಕ್ಸಿಸ್ಕೋಪ್ ಅನ್ನೋ ಯಂತ್ರ ಮಾಡಿದ. ದುಂಡನೆ ಗಾಜಿನ ತಟ್ಟೆಯ ಅಂಚಲ್ಲಿ ಸಾಲಾಗಿ ಚಿತ್ರಗಳು, ಅದರ ಎದುರು ಸೀಳುಗಳಿರೋ ಇನ್ನೊಂದು ತಟ್ಟೆ ವಿರುದ್ಧ ದಿಕ್ಕಿಗೆ ತಿರುಗುತ್ತೆ, ಹಿಂದಿನಿಂದ ಬೆಳಕು ಬಿಟ್ಟರೆ ಪರದೆ ಮೇಲೆ ಕುದುರೆ ಓಡುತ್ತೆ. ಈ ವ್ಯವಸ್ಥೆಯಲ್ಲಿ ಚಿತ್ರ ಅಡ್ಡಲಾಗಿ ಕುಗ್ಗಿ ಕಾಣ್ತಿತ್ತು. ಅದಕ್ಕೆ ಫೋಟೋ ನೋಡಿಕೊಂಡು ಕುದುರೆಗಳನ್ನ ಬೇಕಂತಲೇ ಉದ್ದಕ್ಕೆ ಎಳೆದು ಬರೆಸಿದ. ಪರದೆ ಮೇಲೆ ಅವು ಸರಿಯಾದ ಅಳತೆಗೆ ಬರ್ತಿದ್ವು. ನಾವು ಉದ್ದದ ಮೊಬೈಲ್ ಫೋಟೋನ 16:9 ಫ್ರೇಮಿಗೆ ತುಂಬಿಸೋಕೆ ಅಡ್ಡಕ್ಕೆ ಎಳೀತೀವಿ, ಎಲ್ಲರ ಮುಖ ಇಡ್ಲಿ ಆಗುತ್ತೆ. ಎಳೀಬೇಡಿ. ಅಳತೆ ಲಾಕ್ ಮಾಡಿ ಕ್ರಾಪ್ ಮಾಡಿ, ಇಲ್ಲ ಅದೇ ಫೋಟೋನ ಮಸುಕು ಮಾಡಿ ಹಿಂದೆ ಹಾಕಿ. ಜೂಮ್ ಮಾಡೋದಕ್ಕೂ ಲೆಕ್ಕ ಇದೆ. ಫೋಟೋ ಅಗಲ 4000 ಪಿಕ್ಸೆಲ್, ಟೈಮ್‌ಲೈನ್ ಅಗಲ 1920 ಇದ್ರೆ ಫ್ರೇಮ್ ತುಂಬಿದ ಮೇಲೆ ಸುಮಾರು 2 ಪಟ್ಟು ಜೂಮ್ ಮಾಡಬಹುದು, ಅದಕ್ಕಿಂತ ಹೆಚ್ಚಾದ್ರೆ ಒಡೆಯುತ್ತೆ. ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿ ಬಂದ ಫೋಟೋಗೆ ಈ ಭಾಗ್ಯ ಇಲ್ಲ, ಒರಿಜಿನಲ್ ಕೇಳಿ ತಗೊಳ್ಳಿ.

ಹೆಸರು ಬಂದ ಮೇಲೆ ಪೆಟ್ಟು ಬಿದ್ದಿದ್ದು ಸ್ಟ್ಯಾನ್‌ಫರ್ಡ್ ಕಡೆಯಿಂದ. 1882ರಲ್ಲಿ ಲಂಡನ್‌ನಲ್ಲಿ ಮೈಬ್ರಿಜ್ ಉಪನ್ಯಾಸ ಕೊಟ್ಟು ಎಲ್ಲರ ಮೆಚ್ಚುಗೆ ಪಡೀತಿದ್ದಾಗಲೇ, ಸ್ಟ್ಯಾನ್‌ಫರ್ಡ್ ದುಡ್ಡಲ್ಲಿ ಕುದುರೆಯ ಓಟದ ಬಗ್ಗೆ ಒಂದು ಪುಸ್ತಕ ಬಂತು. ಬರೆದವನು ಸ್ಟಿಲ್‌ಮನ್ ಅನ್ನೋ ಡಾಕ್ಟರ್. ಒಳಗೆ ಮೈಬ್ರಿಜ್ ಫೋಟೋಗಳಿಂದ ಮಾಡಿದ ಚಿತ್ರಗಳು, ಶೀರ್ಷಿಕೆ ಪುಟದಲ್ಲಿ ಅವನ ಹೆಸರೇ ಇಲ್ಲ. ಕೆಲಸ ಅವನದ್ದೇನಾ ಅನ್ನೋ ಅನುಮಾನ ಬಂದು ರಾಯಲ್ ಸೊಸೈಟಿ ಅವನ ಪ್ರಬಂಧವನ್ನ ಪಕ್ಕಕ್ಕಿಟ್ಟಿತು. ಕೋರ್ಟಿಗೆ ಹೋದ, ಸೋತ. ನಮ್ಮ ಫೆಸ್ಟ್ ವಿಡಿಯೋಗಳಲ್ಲಿ ಎಡಿಟರ್ ಹೆಸರು ದೊಡ್ಡದಾಗಿ ಬರುತ್ತೆ, ಬಿಸಿಲಲ್ಲಿ ನಿಂತು ಫೋಟೋ ತೆಗೆದವರ ಹೆಸರು ಎಲ್ಲೂ ಇರಲ್ಲ. ಕೊನೆಯಲ್ಲಿ 4 ಸೆಕೆಂಡ್ ಕೊಟ್ಟರೆ ಸಾಕು.

ಪೆನ್ಸಿಲ್ವೇನಿಯಾ ಯೂನಿವರ್ಸಿಟಿ ಅವನಿಗೆ ಇನ್ನೊಂದು ಅವಕಾಶ ಕೊಟ್ಟಿತು. ಮನುಷ್ಯರು ನಡೆಯೋದು, ಮೆಟ್ಟಿಲು ಹತ್ತೋದು, ಪ್ರಾಣಿ, ಪಕ್ಷಿ, ಎಲ್ಲ ಸೇರಿ 1887ರಲ್ಲಿ 781 ಪ್ಲೇಟುಗಳ ಸಂಗ್ರಹ ಹೊರಬಂತು. ಕಲಾವಿದರಿಗೂ ವಿಜ್ಞಾನಿಗಳಿಗೂ ಅದು ನಿಧಿ. ಆದರೆ ಹಳೇ ಅಭ್ಯಾಸ ಹೋಗಿರಲಿಲ್ಲ. ಕೆಲವು ಪ್ಲೇಟುಗಳಲ್ಲಿ ಮಧ್ಯದ ಚಿತ್ರ ಇಲ್ಲ. ಇರೋದನ್ನೇ ಕ್ರಾಪ್ ಮಾಡಿ, ಹತ್ತಿರ ಜೋಡಿಸಿ, ಸಾಲು ಪೂರ್ತಿ ಕಾಣೋ ಹಾಗೆ ಮಾಡಿದ್ದಾನೆ. ಅಂದಕ್ಕೆ ಅದು ಸರಿ. ಅಳತೆ ಹಿಡಿದು ಓದೋ ವಿಜ್ಞಾನಿಗೆ ಮೋಸ.

1888ರಲ್ಲಿ ಥಾಮಸ್ ಎಡಿಸನ್‌ನ ಭೇಟಿ ಆದ. 1893ರಲ್ಲಿ ಷಿಕಾಗೋದ ದೊಡ್ಡ ಮೇಳದಲ್ಲಿ ತನ್ನದೇ ಹಾಲ್ ಕಟ್ಟಿ ಯಂತ್ರ ತೋರಿಸಿದ. ಅಷ್ಟರಲ್ಲಿ ಫಿಲಂ ಸುರುಳಿಯ ಕಾಲ ಬಂದಾಗಿತ್ತು. 1894ರಲ್ಲಿ ಹುಟ್ಟೂರು ಕಿಂಗ್‌ಸ್ಟನ್‌ಗೆ ವಾಪಸ್ ಬಂದು ಎರಡು ಪುಸ್ತಕ ಪ್ರಕಟಿಸಿದ. 1904ರ ಮೇ 8ರಂದು ತೀರಿಕೊಂಡ. ಯಂತ್ರವನ್ನೂ ತಟ್ಟೆಗಳನ್ನೂ ಊರಿಗೇ ಬಿಟ್ಟುಹೋದ. ಜೀವನ ಪೂರ್ತಿ ಹೆಸರನ್ನ ತಿದ್ದಿಕೊಂಡು ಬಂದವನ ಸ್ಮಾರಕದ ಕಲ್ಲಿನ ಮೇಲೆ ಕೊನೆಗೆ ಹೆಸರಿನ ಸ್ಪೆಲ್ಲಿಂಗೇ ತಪ್ಪಾಗಿ ಕೆತ್ತಿದ್ದಾರೆ.

ನನ್ನ ವಿಡಿಯೋ ಕಥೆ ಹೇಳಿ ಮುಗಿಸ್ತೀನಿ. ಆ 9 ಫೋಟೋಗಳಲ್ಲಿ ಒಂದು 1990ರ ದಶಕದ್ದು, ಲ್ಯಾಬ್ ಬಾಗಿಲಲ್ಲಿ ಗಂಭೀರವಾಗಿ ನಿಂತಿದ್ದಾರೆ. ಎಐ ಆ್ಯಪ್‌ಗೆ ಕೊಟ್ಟೆ, ಅವರು ಕಣ್ಣು ಮಿಟುಕಿಸಿ ನಕ್ಕರು. ರೂಮಿನಲ್ಲಿ ಎಲ್ಲರೂ ಸೂಪರ್ ಅಂದ್ರು. ಆದರೆ ಆ ನಗು ಅವರದ್ದಲ್ಲ. ಅದು 1877ರ ಆಕ್ಸಿಡೆಂಟ್ ಫೋಟೋ ಥರ, ಪೇಂಟಿಂಗ್‌ಗೆ ಮುಖ ಅಂಟಿಸಿದ್ದು. ಮನೆಯವರ ಮುಂದೆ ಪ್ಲೇ ಆಗೋ ವಿಡಿಯೋದಲ್ಲಿ ಅವರ ಮುಖಕ್ಕೆ ನಾನು ನಗು ಬರೆಯೋಕೆ ಯಾರು? ತೆಗೆದುಹಾಕಿದೆ. ಹಾಡನ್ನ ಒಂದೂವರೆ ನಿಮಿಷಕ್ಕೆ ಕತ್ತರಿಸಿದೆ. ಒಂದೊಂದು ಫೋಟೋಗೆ ಹತ್ತು ಸೆಕೆಂಡ್, ಮೊದಲು ಕೈಯಲ್ಲಿರೋ ಬೀಗದ ಕೀ ಗೊಂಚಲು, ಅಲ್ಲಿಂದ ನಿಧಾನಕ್ಕೆ ಹಿಂದೆ ಸರಿದು ಮುಖ, ಶುರು ಮತ್ತು ಕೊನೆಯ ಕೀಫ್ರೇಮ್‌ಗೆ ಈಸ್. ಎಕ್ಸ್‌ಪೋರ್ಟ್ ಒತ್ತೋ ಮೊದಲು ಅವರ ಹೆಸರಿನ ಕಾಗುಣಿತವನ್ನ ಅವರ ಮಗಳಿಗೆ ಕಳಿಸಿ ಕೇಳಿದೆ. ಒಂದು ಒತ್ತಕ್ಷರ ತಪ್ಪಿತ್ತು.